ದಶಮಿಯ ಮಾರನೇ ದಿನ

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಬಸ್ಸಿನ ಹಾರ್ನು.

ಹೊಳಲ್ಕೆರೆಯ ಹಾಲೇಶ ಬೆಳಗಿನ ರೊಟ್ಟಿ ಮುರಿಯುತ್ತ ಕೂತಿದ್ದ. ಒಂಬತ್ತೂಕಾಲಿನ ದಾವಣಗೆರೆ ಬಸ್ಸು ತಿರುವಿನಲ್ಲಿ ಪೋಂ ಎಂದಿತು. ಒಲೆಯ ಮುಂದಿದ್ದ ಅವನ ತಾಯಿ ಹೊನ್ನಕ್ಕ ದಿನದಂತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಓಡಿದಳು. ಸೊಸೆ ಉಷಾ ಆಗ ತಾನೇ ಹೊಸ್ತಿಲು ತೊಳೆದಿದ್ದಳು. ಧೊಪ್ ಎಂದು ಸದ್ದಾಯಿತು. ಹಾಲೇಶ ಓಡಿಹೋಗಿ ನೋಡಿದರೆ ಅವ್ವ ಜಗಲಿಯ ಕೆಳಗೆ ಕೂತು, ಹಣೆಯಿಂದ ಇಳಿಯುವ ರಕ್ತವನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು ಬಸ್ಸಿನ ಕಡೆಗೇ ನೋಡುತ್ತಿದ್ದಳು.

"ಯಾರಾದ್ರೂ ಇಳಿದ್ರೇನೋ?" ಎಂದಳು.

ಇಪ್ಪತ್ತೆರಡು ವರ್ಷದ ಹಿಂದೆ, ಹಾಲೇಶನಿಗೆ ಹತ್ತು ತುಂಬಿದಾಗ, ಅವನ ಅಪ್ಪ "ದಾವಣಗೆರೆಗೆ ಹೋಗಿ ಕನ್ನಡಕದ ಕಡ್ಡಿ ಹಾಕಿಸ್ಕಂಡು ಸಂಜೆ ಬಸ್ಸಿಗೆ ಬರ್ತೀನಿ" ಎಂದು ಹೋದವನು ಬರಲಿಲ್ಲ. ಹುಡುಕಿಸಿದರು, ಪೊಲೀಸರಿಗೆ ಬರೆದುಕೊಟ್ಟರು, ಶಾಸ್ತ್ರ ಕೇಳಿಸಿದರು. ಆಮೇಲೆ ಊರು ಮರೆಯಿತು. ಹೊನ್ನಕ್ಕ ಮರೆಯಲಿಲ್ಲ. "ಸಂಜೆ ಅಂದ್ರು. ಯಾವ ಸಂಜೆ ಅಂತ ಅವ್ರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ" ಎನ್ನುವಳು. ಅಂದಿನಿಂದ ಒಂದೇ ಒಂದು ಸಂಜೆ ಬಸ್ಸನ್ನೂ ಅವಳು ತಪ್ಪಿಸಿದವಳಲ್ಲ. ಬೆಳಗಿನ ಬಸ್ಸು ಸುಮ್ಮನೆ ಎಚ್ಚರಿಕೆಗೆ. ಎಲ್ಲಾದರೂ ಬೆಳಿಗ್ಗೆಯೇ ಬಂದಿಳಿದರೆ ಬಾಗಿಲಲ್ಲಿ ಯಾರೂ ಇರಲಿಲ್ಲ ಎಂದಾಗಬಾರದಲ್ಲ!

ಸದ್ದು ಕೇಳಿ ಎದುರುಮನೆ ಚಂದ್ರಕ್ಕ ಬಂದಳು. ಬೀದಿಯಲ್ಲಿ ಸೂಜಿ ಬಿದ್ದರೂ ಮೊದಲು ಬರುವವಳು ಅವಳೇ. "ಅಯ್ಯೋ ಶಿವನೇ! ಅರಿಶಿನ ಹಚ್ಚಿದ್ರೆ ಆಗಲ್ಲ, ತಲೆ ಏಟು. ದುರ್ಗಕ್ಕೆ ಹೋಗಾಣ ನಡೀರಿ. ರೀ, ಟ್ರ್ಯಾಕ್ಸ್ ತೆಗೀರಿ!" ಎಂದು ಅಲ್ಲಿಂದಲೇ ಗಂಡನಿಗೆ ಕೂಗಿದಳು. ಅವಳ ಗಂಡ ಬೋರಣ್ಣ ಹೆಂಡತಿಯ ಮಾತಿಗೆ ಇದುವರೆಗೆ ಎದುರಾಡಿದವನಲ್ಲ. ಟ್ರ್ಯಾಕ್ಸ್ ಜೀಪು ಹೊರಟಿತು.

"ಸಂಜೆ ಬಸ್ ಹೊತ್ತಿಗೆ ಮನೇಲಿರ್ಬೇಕು ಕಣೋ" ಎಂದು ಹೊನ್ನಕ್ಕ ದಾರಿಯುದ್ದಕ್ಕೂ ಮಗನ ಕೈ ಹಿಡಿದು ಹೇಳಿದಳು. ಬಿಳಿ ಕೂದಲಿಗೆ ಮೆತ್ತಿದ ರಕ್ತವನ್ನು ಹಾಲೇಶ ಹೆಗಲ ಟವೆಲಿನಿಂದ ಒರೆಸಿದ. "ಇರ್ತೀಯ ಕಣವ್ವ, ನಾನಿದೀನಲ್ಲ" ಎಂದ.

ದುರ್ಗದ ಒಂದು ಆಸ್ಪತ್ರೆ. ಅದರ ಹೆಸರು ಬೇಡ ಬಿಡಿ, ಈ ಕತೆಯಲ್ಲಿ ಹೆಸರಿನಿಂದಾದ ಫಜೀತಿಯೇ ಸಾಕಷ್ಟಿದೆ. ಅಲ್ಲಿ ಮೊದಲು "ಚೀಟಿ ಮಾಡಿಸ್ಕಂಡ್ ಬರ್ರಿ" ಎಂದರು. ಚೀಟಿ ತಂದರೆ "ಹತ್ತಿ ತರ್ರಿ" ಎಂದರು. ಹತ್ತಿ ತಂದರೆ "ಸೂಜಿ ಯಾರು ತರ್ತಾರೆ?" ಎಂದರು. ಸ್ಟ್ರೆಚರಿನ ಒಂದು ಚಕ್ರ ಮೊಂಡು ಕರುವಿನಂತೆ ಎಡಕ್ಕೇ ಎಳೆಯುತ್ತಿತ್ತು, ಹಾಲೇಶ ಬಲಕ್ಕೆ ನೂಕುತ್ತಿದ್ದ. "ಮುದುಕಿ ಗಂಟೆಯಿಂದ ರಕ್ತ ಸುರಿಸ್ತಾ ಕುಂತೈತೆ, ಯಾರಿಗಾದ್ರೂ ಕರುಳು ಐತೇನ್ರಿ ಇಲ್ಲಿ?" ಎಂದು ಅವನು ಕೂಗಿದ. ಜನ್ಮದಲ್ಲಿ ಯಾರ ಮೇಲೂ ಕೂಗದವನು. ಆಮೇಲೆ ಆರು ಹೊಲಿಗೆ ಬಿದ್ದವು. ಒಂದೊಂದು ಹೊಲಿಗೆಗೂ ಅಳುಕಿದವನು ಹಾಲೇಶ; ಹೊನ್ನಕ್ಕ ಗಡಿಯಾರ ನೋಡುತ್ತಿದ್ದಳು.

ಹೊಲಿಗೆ ಮುಗಿದ ಮೇಲೆ ಎಳೆಯ ಡಾಕ್ಟರು ಬಂದ. ಘಟ್ಟದ ಕೆಳಗಿನವನು, ಪುಸ್ತಕದ ಕನ್ನಡ.

"ತಲೆಗೆ ಪೆಟ್ಟಾದಾಗ ನೆನಪು ಸರಿಯಾಗಿದೆಯೋ ಇಲ್ಲವೋ ನೋಡಬೇಕು. ಅಜ್ಜಿ, ಇದು ಯಾವ ಜಾಗ?"

"ಆಸ್ಪತ್ರೆ. ಫಿನಾಯಿಲ್ ನಾತ ಬರ್ತೈತಲ್ಲಪ್ಪ."

"ಈಗಿನ ಪ್ರಧಾನಮಂತ್ರಿ ಯಾರು?"

"ಒಂದೇ ತಿಂಗ್ಳಲ್ಲಿ ಮೂರು ಜನ ಆದ್ರಲ್ಲ, ಯಾರ್ನ ಹೇಳ್ಲಿ?"

ಅದು ತೊಂಬತ್ತಾರನೇ ಇಸವಿ. ಡಾಕ್ಟರು ತುಸು ಯೋಚಿಸಿ, ಅದಕ್ಕೂ ಸರಿ ಗುರುತು ಹಾಕಿದ.

"ಇವತ್ತು ಯಾವ ದಿನ?"

"ದಶಮಿ ಮಾರನೇ ದಿನ."

"ಅಂದರೆ?"

"ಅಂದ್ರೆ ದ್ವಾದಶಿ ಹಿಂದಿನ ದಿನ."

ಡಾಕ್ಟರು ಕಣ್ಣು ಕಿರಿದು ಮಾಡಿದ. ಹಾಲೇಶ ತಲೆ ಚಚ್ಚಿಕೊಂಡ. ವಿಷಯ ಇಷ್ಟೇ. ಹಾಲೇಶನ ಅಪ್ಪನ ಹೆಸರು ಏಕಾಂತಪ್ಪ. ಗಂಡನ ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹೊನ್ನಕ್ಕನ ನಂಬಿಕೆ. ಹೆಸರಿರಲಿ, ಅದರ ಮೊದಲಕ್ಷರದ ಸದ್ದೂ ಬಾಯಿಗೆ ಬರಬಾರದು. ಹಾಗಾಗಿ ಏಕಾದಶಿ ಎಂದರೆ ದಶಮಿಯ ಮಾರನೇ ದಿನ, ಎರಡು ಎಕರೆ ಹೊಲ ಎಂದರೆ ಎಂಬತ್ತು ಗುಂಟೆ. ಹಾಲೇಶ ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂತು ಕ್ರಯಪತ್ರ ಬರೆಯುವವನು. ದಿನಕ್ಕೆ ನೂರು ಸಲ, ಮಗನಾದರೆ ಇಂಥವನು ಬಿನ್ ಇಂಥವರು, ಹೆಂಡತಿಯಾದರೆ ಇಂಥವಳು ಕೋಂ ಇಂಥವರು ಎಂದು ಬರೆಯುವ ಅವನು ತನ್ನ ಅಪ್ಪನ ಹೆಸರನ್ನು ಅವ್ವನ ಬಾಯಲ್ಲಿ ಒಂದು ಸಲವೂ ಕೇಳಿರಲಿಲ್ಲ.

"ಕೊನೆಯ ಪ್ರಶ್ನೆ" ಎಂದ ಡಾಕ್ಟರು. "ನಿಮ್ಮ ಯಜಮಾನರ ಹೆಸರೇನು?"

ಹೊನ್ನಕ್ಕ ತುಟಿ ಬಿಗಿದಳು.

"ಸಾರ್, ನಮ್ ಕಡೆ ಹೆಂಗಸ್ರು ಹೇಳಲ್ಲ ಸಾರ್" ಎಂದ ಹಾಲೇಶ.

"ನಮ್ಮ ಅಜ್ಜಿ ಹೇಳುತ್ತಾರಲ್ಲ! ಗಂಡನ ಹೆಸರೇ ಮರೆತಿದ್ದರೆ ದಾವಣಗೆರೆಗೆ ಕಳಿಸಿ ಸ್ಕ್ಯಾನ್ ಮಾಡಿಸಬೇಕು. ಹೆಸರು ಹೇಳಿದರೆ ಈಗಲೇ ಮನೆಗೆ. ಹತ್ತು ನಿಮಿಷ ಬಿಟ್ಟು ಬರುತ್ತೇನೆ."

ಚಂದ್ರಕ್ಕ ಸೆರಗು ಸಿಕ್ಕಿಸಿಕೊಂಡಳು. "ಇಷ್ಟಕ್ಕೆಲ್ಲ ದಾವಣಗೆರೆಯಾ? ಹೊನ್ನಕ್ಕ, ಒಗಟು ಹಾಕಿ ಹೇಳಿದ್ರೆ ದೋಷ ಇಲ್ಲ. ಮದುವೇಲಿ ಹೇಳಲ್ವಾ? ತಗೋ, ನಾನೇ ಶುರು ಮಾಡ್ತೀನಿ:

ಸಬ್ಬಕ್ಕಿ ಪಾಯ್ಸಕ್ಕೆ ಹಾಕ್ದೆ ಗೋಡಂಬಿ ಸಣ್ಣ ಸಣ್ಣ,
ಮೂರು ಲೋಟ ಕುಡ್ದು ಮಲಗಿದ್ರು ನಮ್ಮ ಬೋರಣ್ಣ!"

ಬಾಗಿಲಲ್ಲಿದ್ದ ಬೋರಣ್ಣ ನೆಲ ನೋಡಿದ. ಪಕ್ಕದ ಮಂಚದಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದ ಬಿ.ದುರ್ಗದ ಹೆಂಗಸು ನೋವು ಮರೆತು ಎದ್ದು ಕೂತಳು. "ನಂದೂ ಕೇಳ್ರಿ!" ಎಂದಳು:

"ಜೋಗಿಮಟ್ಟಿ ಗುಡ್ಡದ ಮ್ಯಾಲೆ ಬೀಸೋ ಗಾಳಿ ತಂಪು,
ಗೊಲ್ಲಪ್ಪನೋರು ನಕ್ಕುಬಿಟ್ರೆ ನನ್ನ ಕೆನ್ನೆ ಕೆಂಪು!"

ಅವಳ ಗ್ಲೂಕೋಸ್ ಬಾಟಲಿ ಹಿಡಿದು ನಿಂತಿದ್ದ ಗೊಲ್ಲಪ್ಪನಿಗೆ ಅರವತ್ತರ ಮೇಲಾಗಿತ್ತು. ಅವನ ಕೆನ್ನೆಯೇ ಕೆಂಪಾಯಿತು. "ಇದೇನು ಆಸ್ಪತ್ರೆನೋ ಮದುವೆ ಮನೆನೋ?" ಎಂದು ಗದರಲು ಬಂದ ನರ್ಸಮ್ಮ ಬಾಗಿಲಿಗೊರಗಿ ನಿಂತಳು. ಎಲ್ಲರೂ ಹೊನ್ನಕ್ಕನ ಮುಖ ನೋಡಿದರು.

"ಗಂಡ ಕಣ್ಮುಂದೆ ಇರೋರಿಗೆ ದೋಷ ಇಲ್ಲ ಕಣ್ರವ್ವ" ಎಂದಳು ಹೊನ್ನಕ್ಕ ಮೆಲ್ಲಗೆ. "ನನ್ನೋರು ಎಲ್ಲವ್ರೋ ಏನೋ. ನಾನು ಇಲ್ಲಿ ಬಾಯಿ ಬಿಟ್ಟು, ಅಲ್ಲಿ ಅವ್ರಿಗೇನಾದ್ರೂ ಆದ್ರೆ?"

ಹಾಲೇಶನಿಗೆ ಸಿಟ್ಟೂ ಬಂತು, ಅಳುವೂ ಬಂತು. ಇಪ್ಪತ್ತೆರಡು ವರ್ಷ ಒಂದು ಕಾಗದ ಹಾಕದ ಮನುಷ್ಯನ ಆಯುಷ್ಯವನ್ನು ಇವಳು ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದಾಳಲ್ಲ!

"ಅವ್ವ, ಸಂಜೆ ಬಸ್ಸಿಗೆ ಮನೇಲಿರ್ಬೇಕೋ ಬ್ಯಾಡ್ವೋ? ನನ್ನ ಮಕ ನೋಡಿ ಹೇಳ್ಬಿಡವ್ವ."

ಹೊನ್ನಕ್ಕ ಮಗನ ಮುಖ ನೋಡಿದಳು, ಗಡಿಯಾರ ನೋಡಿದಳು. ಡಾಕ್ಟರು ಬಂದಾಗ ಕಣ್ಣು ಮುಚ್ಚಿ, ಔಷಧಿ ನುಂಗಿದಂತೆ ಹೇಳಿಬಿಟ್ಟಳು: "ಮುರುಗೇಶಪ್ಪ."

ಚಂದ್ರಕ್ಕನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಮುರುಗೇಶಪ್ಪ ಎಂದರೆ ಹಿಂದಿನ ಬೀದಿಯ ಸೋಡಾ ಅಂಗಡಿಯವನು. "ಶಿವ ಶಿವಾ! ಯಾವಾಗಿಂದ?" ಎಂದಳು.

ಡಾಕ್ಟರು ಚೀಟಿ ನೋಡಿದ. ಹಾಲೇಶನ ಮುತ್ತಿನಂಥ ಅಕ್ಷರದಲ್ಲಿ 'ಹೊನ್ನಕ್ಕ ಕೋಂ ಏಕಾಂತಪ್ಪ' ಎಂದಿತ್ತು. "ಪಾಪ, ಮರೆತಿದ್ದಾರೆ. ದಾವಣಗೆರೆ" ಎಂದು ಬರೆದುಕೊಟ್ಟ.

ಟ್ರ್ಯಾಕ್ಸ್ ಹೊರಟ ಮೇಲೆ ಹಾಲೇಶ ಕೇಳಿದ, "ಅವ್ವ, ಯಾಕಿಂಗ್ ಮಾಡ್ದೆ?"

"ಹೆಸ್ರು ಕೇಳಿದ್ರು, ಒಂದು ಹೆಸ್ರು ಕೊಟ್ಟೆ. ಮುರುಗೇಶಪ್ಪ ಸತ್ತು ಮೂರು ವರ್ಷ ಆತು, ಆಯಸ್ಸು ಕಮ್ಮಿ ಆಗೋ ಭಯ ಇಲ್ಲ. ನೀನು ಚೀಟೀಲಿ ಬರ್ದಿದೀಯ ಅಂತ ನಂಗೇನು ಗೊತ್ತು?"

ಚಂದ್ರಕ್ಕ ನಿಟ್ಟುಸಿರು ಬಿಟ್ಟಳು. ಹದಿನೈದು ದಿನ ಬೀದಿಗೆ ಸಾಕಾಗುವ ಸುದ್ದಿ ಹತ್ತೇ ನಿಮಿಷದಲ್ಲಿ ಸತ್ತುಹೋಗಿತ್ತು.

ದಾವಣಗೆರೆ ಬಂದಂತೆ ಹೊನ್ನಕ್ಕ ಕಿಟಕಿಗೆ ಅಂಟಿಕೊಂಡಳು. ಕನ್ನಡಕದ ಅಂಗಡಿ ಕಂಡಲ್ಲೆಲ್ಲ "ಬೋರಣ್ಣ, ಒಸಿ ನಿಧಾನ" ಎಂದಳು. ಬೋರಣ್ಣ ಏನೂ ಕೇಳದೆ ನಿಧಾನ ಮಾಡಿದ.

ಅಲ್ಲಿನ ಆಸ್ಪತ್ರೆಯಲ್ಲಿ ಹೊನ್ನಕ್ಕನನ್ನು ನೇರ ಒಳಗೆ ನೂಕಿಕೊಂಡು ಹೋದರು. ಹಾಲೇಶ ಚೀಟಿಯ ಸಾಲಿನಲ್ಲಿ ನಿಂತ. ಗುಮಾಸ್ತ ಕಾಗದ ಕೊಟ್ಟ. ಹೆಸರು: ಹೊನ್ನಕ್ಕ. ಗಂಡನ ಹೆಸರು: ಅಲ್ಲಿ ಹಾಲೇಶನ ಪೆನ್ನು ನಿಂತಿತು. ಇಲ್ಲೂ ಕೇಳೇ ಕೇಳುತ್ತಾರೆ, ಅವ್ವ ಮತ್ತೆ ಮುರುಗೇಶಪ್ಪ ಎಂದೇ ಎನ್ನುತ್ತಾಳೆ. ಚೀಟಿಯಲ್ಲೂ ಮುರುಗೇಶಪ್ಪ ಎಂದಿದ್ದರೆ ತಾಳೆಯಾಗುತ್ತದೆ, ಸಂಜೆ ಬಸ್ಸಿಗೆ ಮುಂಚೆ ಊರು ಸೇರಬಹುದು. ಹತ್ತು ವರ್ಷದ ಬರವಣಿಗೆಯಲ್ಲಿ ಒಂದು ಸುಳ್ಳು ಕೋಂ ಬರೆದವನಲ್ಲ ಹಾಲೇಶ. "ತಪ್ಪಾಯ್ತು ಕಣಪ್ಪ" ಎಂದು ಮನಸ್ಸಿನಲ್ಲೇ ಹೇಳಿ ಬರೆದುಬಿಟ್ಟ.

ಸ್ಕ್ಯಾನ್ ಆಯಿತು. ಒಳಗೆ ಏನೂ ತೊಂದರೆ ಇರಲಿಲ್ಲ. ಹಾಲೇಶನಿಗೆ ಜೀವ ಬಂದಂತಾಯಿತು. ವಯಸ್ಸಾದ ಡಾಕ್ಟರಮ್ಮ ಚೀಟಿ ಹಿಡಿದು ಬಂದು ಅಕ್ಕರೆಯಿಂದ ಹೊನ್ನಕ್ಕನ ಗಲ್ಲ ಮುಟ್ಟಿದರು.

"ಎಲ್ಲ ಚೆನ್ನಾಗೈತೆ ಅಜ್ಜಿ. ಒಂದೇ ಒಂದು ಮಾತು. ಯಜಮಾನ್ರ ಹೆಸರೇನು?"

ಹಾಲೇಶ ನಿರಾಳವಾಗಿ ನಿಂತಿದ್ದ. ಹೊನ್ನಕ್ಕ ಕಿಟಕಿಯಾಚೆ ನೋಡಿದಳು. ರಸ್ತೆಯಲ್ಲಿ ಜನವೋ ಜನ. ಎದ್ದು ಕೂತು, ಹೊಲಿಗೆ ಹಾಕಿದ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಅವಳ ಮುಖಕ್ಕೆ ಮದುವಣಗಿತ್ತಿಯ ನಾಚಿಕೆ ಬಂತು.

"ಹೊಸ್ಲ ಮ್ಯಾಲೆ ದೀಪ ಇಟ್ಟು ದಾರಿ ನೋಡ್ತೀನಿ,
ಏಕಾಂತಪ್ಪನೋರು ಬಂದ ಮ್ಯಾಲೆ ಎಡೆ ಮಾಡ್ತೀನಿ."

ಅಪ್ಪನ ಹೆಸರು ಇಷ್ಟು ಚೆನ್ನಾಗಿದೆ ಎಂದು ಹಾಲೇಶನಿಗೆ ಗೊತ್ತೇ ಇರಲಿಲ್ಲ. ಅಳಬೇಕೆನ್ನುವಷ್ಟರಲ್ಲಿ ಡಾಕ್ಟರಮ್ಮ ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು.

"ಇಲ್ಲಿ ಮುರುಗೇಶಪ್ಪ ಅಂತ ಐತಲ್ಲ?"

"ಅಮ್ಮಾವ್ರೇ, ಅವ್ವ ಹೇಳಿದ್ದೇ ಸರಿ. ಅದು ಸುಳ್ಳು."

"ಬರ್ದೋರು ಯಾರು?"

"ನಾನೇ."

"ನಿಮ್ಮ ತಂದೆ ಹೆಸರು ನಿಮಗೇ ಗೊತ್ತಿಲ್ವಾ?" ಡಾಕ್ಟರಮ್ಮ ಟಾರ್ಚ್ ತೆಗೆದು ಹಾಲೇಶನ ಎರಡು ಕಣ್ಣಿಗೂ ಬಿಟ್ಟು ನೋಡಿದರು. "ದುರ್ಗದೋರು ಬರ್ದವ್ರೆ, ಮರೆವು ಐತೆ ಅಂತ. ಎರಡು ದಿನ ಇಲ್ಲೇ ಇರ್ಲಿ. ನೀವೂ ಒಸಿ ರೆಸ್ಟ್ ತಗಳ್ರಿ" ಎಂದು ಹೋದರು.

ಹಾಲೇಶ ಮಂಚದ ಪಕ್ಕ ಕುಸಿದು ಕೂತ. "ಇಲ್ಲಿ ಯಾಕವ್ವ ಹೇಳ್ದೆ? ಅಲ್ಲೇ ಹೇಳಿದ್ದಿದ್ರೆ ಇಷ್ಟೊತ್ತಿಗೆ ಮನೇಲಿರ್ತಿದ್ವಿ."

"ಅವ್ರು ಬಂದಿದ್ದು ಈ ಊರಿಗೇ ಅಲ್ವೇನೋ? ಕಣ್ಮುಂದೆ ಇದ್ದಂಗೇ ಲೆಕ್ಕ" ಎಂದಳು ಹೊನ್ನಕ್ಕ. "ಮದುವೇಲಿ ಬಾಗ್ಲು ತಡೆದು ಹೆಸ್ರು ಹೇಳು ಅಂದಾಗ ನಾಚಿಕೆಯಾಗಿ ಬಾಯೇ ಬರ್ಲಿಲ್ಲ. 'ಬಿಡ್ರಿ, ಇನ್ನೊಂದಿನ ಹೇಳ್ತಾಳೆ' ಅಂದ್ರು ನಿಮ್ಮಪ್ಪ. ಅವತ್ತು ಕಲ್ತಿದ್ದ ಒಗಟು ಇದು. ನೀನು ಬೆಳಿಗ್ಗಿಂದ ನನ್ ಸಲುವಾಗಿ ಒದ್ದಾಡ್ತಿದ್ದೆ, ಅದಕ್ಕೆ ಹೇಳ್ಬಿಟ್ಟೆ ಕಣಪ್ಪ." ಆಮೇಲೆ ಗಡಿಯಾರದ ಕಡೆ ತಿರುಗಿದಳು. ಐದೂಕಾಲಾಗಿತ್ತು. "ಸಂಜೆ ಬಸ್ಸು ಇಲ್ಲಿಂದ್ಲೇ ಹೊರಡೋದಲ್ವಾ? ಹೋಗಿ ನೋಡ್ಕಂಡು ಬಾ. ಇವತ್ತೊಂದಿನ ನೀನು ನೋಡು."

ಹುಚ್ಚು ಎಂದು ಗೊತ್ತಿದ್ದೂ ಹಾಲೇಶ ಬಸ್‌ಸ್ಟ್ಯಾಂಡಿಗೆ ಹೋದ. ಹೊಳಲ್ಕೆರೆ ಬಸ್ಸು ನಿಂತಿತ್ತು. ಹತ್ತುವ ಒಬ್ಬೊಬ್ಬರ ಮುಖವನ್ನೂ ನೋಡಿದ. ಕನ್ನಡಕದವರು ಬಂದರೆ ಎರಡು ಸಲ ನೋಡಿದ. ಬಸ್ಸು ತುಂಬಿತು. ಅವನು ಮಾತ್ರ ಬಾಗಿಲ ಹತ್ತಿರ ಹಾಗೇ ನಿಂತಿದ್ದ.

ಕಂಡಕ್ಟರು ಸೀಟಿ ಬಾಯಿಗಿಟ್ಟವನು ತೆಗೆದ. "ಬೆಳಿಗ್ಗಿ ಟ್ರಿಪ್ಪಿನಾಗೂ ಹೊಳಲ್ಕೆರೇಲಿ ಒಬ್ಬಜ್ಜಿ ಹಿಂಗೇ ನೋಡ್ತಿರ್ತಾಳೆ. ನೀವ್ಯಾರಿಗೆ ಕಾಯ್ತಿದೀರಿ?"

"ನಮ್ಮಪ್ಪಗೆ."

"ಹೆಸ್ರು ಹೇಳ್ರಿ, ಒಂದ್ಸಲ ಕೂಗ್ತೀನಿ. ಎಲ್ಲಾರ ಟೀ ಕುಡೀತಾ ಕುಂತಿದ್ರೆ ಬರ್ತಾರೆ."

ಹಾಲೇಶ ಬಾಯಿ ತೆರೆದ. ನೂರಾರು ಸಲ ಕಾಗದದ ಮೇಲೆ ಬರೆದ ಹೆಸರು ನಾಲಿಗೆಯ ತುದಿಗೆ ಬಂತು. ಹೇಳಲಾಗಲಿಲ್ಲ. ಎಲ್ಲಿದ್ದಾನೋ ಏನೋ, ಸುಮ್ಮನೆ ಯಾಕೆ!

"ಹೆಸ್ರು ಬ್ಯಾಡ ಬಿಡ್ರಿ" ಎಂದ. "ನಾಳೆ ಸಂಜೆ ಬಸ್ಸೂ ಇಲ್ಲೇ ನಿಲ್ತೈತಲ್ಲ?"