ಸದ್ದಿಲ್ಲದ ಸ್ಕೂಟರ್

ನನ್ನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿದೆ. ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ನಾನು ಹೇಳುತ್ತೇನೆ. ಪರಿಸರದ ವಿಷಯ ಬಂದರಂತೂ ನಮ್ಮ ಹಲಸೂರಿನ ಬೀದಿಯಲ್ಲಿ ನನ್ನಷ್ಟು ಕಾಳಜಿಯ ಮನುಷ್ಯ ಇನ್ನೊಬ್ಬನಿಲ್ಲ. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸುತ್ತೇನೆ. ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಆರಿಸುತ್ತೇನೆ. ಕೋಣೆಯಲ್ಲಿ ಜನರಿದ್ದಾಗಲೂ ಆರಿಸಿ ಬೈಸಿಕೊಂಡದ್ದುಂಟು. ಮನುಷ್ಯನಲ್ಲಿ ಮೊದಲು ಮನೋಭಾವ ಹುಟ್ಟಬೇಕು, ಆಮೇಲೆ ವಸ್ತು ತಾನಾಗಿ ಮನೆಗೆ ಬರುತ್ತದೆ ಎಂಬುದು ನನ್ನ ಸಿದ್ಧಾಂತ. ಅದರಂತೆಯೇ ಹಳೆಯ ಪೆಟ್ರೋಲ್ ಸ್ಕೂಟರನ್ನು ಕೊಟ್ಟು ಒಂದು ಎಲೆಕ್ಟ್ರಿಕ್ ಸ್ಕೂಟರ್ ತಂದೆ.

ದೊಡ್ಡನೆಕ್ಕುಂದಿಯ ನಮ್ಮ ಕಾರ್ಖಾನೆಯ ಆಫೀಸಿನಲ್ಲಿ ಆ ವಾರವಿಡೀ ಊಟದ ಹೊತ್ತಿಗೆ ನನ್ನದೇ ಮಾತು. ಹೊಗೆ, ಬಿಸಿಲು, ಬತ್ತಿದ ಕೆರೆಗಳು, ಮೊಮ್ಮಕ್ಕಳ ಭವಿಷ್ಯ, ಯಾವುದನ್ನೂ ಬಿಡಲಿಲ್ಲ. ಪಕ್ಕದ ಮೇಜಿನ ಅನ್ವರ್, ಶಿವಾಜಿನಗರದವನು, ಎಲ್ಲವನ್ನೂ ತಾಳ್ಮೆಯಿಂದ ಕೇಳಿ ಡಬ್ಬಿ ಮುಚ್ಚುತ್ತಾ, "ಅದೆಲ್ಲ ಸರಿ ಗುರು, ಒಂದ್ ಸಲ ಚಾರ್ಜ್ ಹಾಕಿದ್ರೆ ಎಷ್ಟ್ ದೂರ ಹೋಗುತ್ತೆ?" ಎಂದ. ನನಗೆ ಬೇಸರವಾಯಿತು. ಭೂಮಿಯನ್ನು ಉಳಿಸುವ ಮಾತಾಡುತ್ತಿರುವಾಗ ಇವನಿಗೆ ಕಿಲೋಮೀಟರಿನ ಚಿಂತೆ.

ನಿಜವಾದ ತೊಂದರೆ ಶುರುವಾದದ್ದು ಮನೆಯಲ್ಲಿ. ಹಳೆಯ ಸ್ಕೂಟರು ಬೀದಿಯ ತಿರುವಿನಲ್ಲೇ ಕೆಮ್ಮಲು ಶುರುಮಾಡಿ ಗೇಟಿನವರೆಗೂ ಕೆಮ್ಮುತ್ತಿತ್ತು. ನಾನು ಒಳಗೆ ಕಾಲಿಡುವಷ್ಟರಲ್ಲಿ ಮಗಳು ಪುಸ್ತಕದ ಮುಂದೆ ಇರುತ್ತಿದ್ದಳು, ನಮ್ಮ ಜೊತೆಗಿರುವ ಅತ್ತೆಯವರು ಜಪಮಾಲೆ ಹಿಡಿದಿರುತ್ತಿದ್ದರು, ಹೆಂಡತಿ ಗೀತಾ ಕಾಫಿಗೆ ಹಾಲಿಡುತ್ತಿದ್ದಳು. ಎಂಥ ಶಿಸ್ತಿನ ಸಂಸಾರ ಎಂದು ಇಷ್ಟು ವರ್ಷ ಹೆಮ್ಮೆಪಟ್ಟಿದ್ದೆ. ಹೊಸ ಸ್ಕೂಟರಿಗೆ ಸದ್ದೇ ಇಲ್ಲ. ಮೊದಲ ದಿನ ಬಾಗಿಲು ತಳ್ಳಿದರೆ ಮಗಳು ಸೋಫಾದ ಮೇಲೆ ಕಾಲು ಮೇಲೆ ಮಾಡಿ ಮಲಗಿ ಫೋನು ನೋಡುತ್ತಿದ್ದಾಳೆ. ಸಕ್ಕರೆ ಕಾಯಿಲೆಯ ಅತ್ತೆಯವರ ಬಾಯಲ್ಲಿ ಒಂದು, ಬಟ್ಟಲಲ್ಲಿ ಎರಡು ಜಾಮೂನು. ಗೀತಾ ತಂಗಿಗೆ ಫೋನಿನಲ್ಲಿ ನನ್ನ ದನಿಯಲ್ಲೇ ಕೆರೆಗಳ ಬಗ್ಗೆ ಭಾಷಣ ಮಾಡಿ ತೋರಿಸುತ್ತಿದ್ದಾಳೆ. ಅವಳು ಚೆನ್ನಾಗಿಯೇ ಮಾಡುತ್ತಿದ್ದಳು, ಅದರಿಂದ ಇನ್ನೂ ನೋವಾಯಿತು.

ಮೂವರೂ ಒಂದಾದರು. "ಅಳಿಯಂದ್ರೆ, ಹಳೇ ಗಾಡೀನೇ ಲಕ್ಷಣವಾಗಿತ್ತು" ಎಂದು ಅತ್ತೆಯವರು ಬಾಯಿ ಒರೆಸಿಕೊಂಡೇ ಹೇಳಿದರು. "ಕಳ್ಳನ್ ಥರ ಬಂದು ನಿಂತ್ಕೋತೀರಾ. ಇದನ್ನ ವಾಪಸ್ ಕೊಟ್ಬಿಡ್ರೀ" ಎಂದಳು ಗೀತಾ. ಹೇಗೆ ಕೊಡುವುದು? ಇಡೀ ಆಫೀಸಿಗೆ ಬುದ್ಧಿ ಹೇಳಿಯಾಗಿದೆ. ನಾಳೆ ಪೆಟ್ರೋಲ್ ಗಾಡಿಯಲ್ಲಿ ಹೋಗಿ ಇಳಿದರೆ ಅನ್ವರನ ಮುಖ ನೋಡುವುದು ಹೇಗೆ? ನನ್ನ ಮಾನ ಆ ಸ್ಕೂಟರಿನ ಮೇಲೆ ಕೂತಿತ್ತು. ಜಗ್ಗಲಿಲ್ಲ. ಮೆಟ್ರೋ, ಬಸ್ಸು, ಎಲೆಕ್ಟ್ರಿಕ್ ಗಾಡಿ, ಇವಿಷ್ಟೇ ಇನ್ನು ನಮ್ಮ ಮನೆಗೆ ಎಂದು ಘೋಷಿಸಿದೆ.

ಗೀತಾ ಮನೆಯಲ್ಲೇ ರವಿಕೆ ಹೊಲಿದುಕೊಡುತ್ತಾಳೆ. ಲೈನಿಂಗು, ಲೇಸು ಎಂದು ಆಗಾಗ ಕಮರ್ಷಿಯಲ್ ಸ್ಟ್ರೀಟಿಗೆ ಹೋಗಬೇಕು, ಪ್ರತಿ ಸಲವೂ ಆಟೋದವರ ಹತ್ತಿರ ಜಗಳ. ಗೇರಿನ ಭಯಕ್ಕೆ ಅವಳು ಹಳೆಯ ಸ್ಕೂಟರನ್ನು ಮುಟ್ಟಿದವಳಲ್ಲ. ಒಂದು ಭಾನುವಾರ, ಬೈದುಕೊಂಡೇ, ನೋಡೋಣ ಎಂದು ಇದನ್ನು ಬೀದಿಯಲ್ಲಿ ಒಂದು ಸುತ್ತು ಓಡಿಸಿದಳು. ಸುತ್ತು ಮುಗಿಸಿ ಬಂದದ್ದು ಮಧ್ಯಾಹ್ನ, ಕಾಲ ಬಳಿ ಬಟ್ಟೆಯ ಗಂಟಿನೊಂದಿಗೆ. "ಗೇರಿಲ್ಲ, ಕಿಕ್ಕಿಲ್ಲ. ಇದು ನಂಗೇ ಇರ್ಲಿ. ನೀವು ಮೆಟ್ರೋದಲ್ಲಿ ಹೋಗಿ, ಭೂಮಿಗೆ ಇನ್ನೂ ಒಳ್ಳೇದು" ಎಂದಳು. ಬಾಯಿ ತೆರೆದೆ. ಯಾವ ದಾರಿಯಲ್ಲಿ ಹೋದರೂ ನನ್ನ ಭಾಷಣವೇ ಅಡ್ಡ ನಿಂತಿತ್ತು. ಸೋಮವಾರದಿಂದ ಕೀಲಿ ಅವಳ ಸೊಂಟದಲ್ಲಿ.

ಆಮೇಲೆ ನಡೆದದ್ದು ನನ್ನ ಸಿದ್ಧಾಂತಕ್ಕೆ ಒಗ್ಗದ ಸಂಗತಿ. ರವಿಕೆ ಕೊಡಲು ಬಂದ ಹೆಂಗಸರೆಲ್ಲ ಅವಳನ್ನು ಕೇಳತೊಡಗಿದರು. ಅವಳು ಹೊಗೆಯ ಸುದ್ದಿ ಎತ್ತಲಿಲ್ಲ, ಕೆರೆಯ ಹೆಸರು ಹೇಳಲಿಲ್ಲ. "ಆಟೋದವ್ರ ಹತ್ರ ಗೋಗರೆಯೋದು ತಪ್ಪುತ್ತೆ ಕಣ್ರೀ" ಎಂದಳು, ಅಷ್ಟೇ. ಬೀದಿಯಲ್ಲಿ ಒಂದಾದ ಮೇಲೊಂದು ಸದ್ದಿಲ್ಲದ ಸ್ಕೂಟರುಗಳು ಬಂದು ನಿಂತವು. ಕೊನೆಗೆ ಅನ್ವರನೂ ಆಫೀಸಿಗೆ ಅಂಥದೇ ಒಂದರಲ್ಲಿ ಬಂದಿಳಿದ. ನಾನು ಎದೆಯುಬ್ಬಿಸಿ ಕೈಕುಲುಕಿದೆ. "ನಿನ್ ಭಾಷಣ ಕೇಳಿ ತಗೊಂಡಿದ್ದಲ್ಲ ಗುರು. ನಮ್ಮನೆಯವ್ರು ಕಮರ್ಷಿಯಲ್ ಸ್ಟ್ರೀಟಲ್ಲಿ ನಿಮ್ ಮಿಸ್ಸೆಸ್ ಸಿಕ್ಕಾಗ ಮಾತಾಡಿದ್ರಂತೆ" ಎಂದ. ನನ್ನ ಮಾತಿನಿಂದ ಬದಲಾದವರನ್ನು ಹುಡುಕಿದೆ. ಒಬ್ಬ ಸಿಕ್ಕಿದ, ಅವನೇ ದಿನಾ ಮೆಟ್ರೋದಲ್ಲಿ ನಿಂತು ಹೋಗುತ್ತಿದ್ದಾನೆ.

ಆದರೂ ಮನೋಭಾವ ಎಂಬುದು ಒಂದಿದೆ, ಅದರಲ್ಲಿ ಈಗಲೂ ನಾನೇ ಮುಂದು ಎಂದುಕೊಳ್ಳುತ್ತಾ ಮೊನ್ನೆ ಸಂಜೆ ಹಲಸೂರು ಸ್ಟೇಷನ್ನಿನಿಂದ ನಡೆದು ಬರುತ್ತಿದ್ದೆ. ಹಸಿವಾಗಿತ್ತು. ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡೆ. ಬಟ್ಟೆಯ ಚೀಲ ಮನೆಯಲ್ಲೇ ಉಳಿದಿತ್ತು. ಗಾಡಿಯವನು ತೆಳ್ಳನೆಯ ಪ್ಲಾಸ್ಟಿಕ್ ಕವರಿಗೆ ಹಾಕಿಕೊಟ್ಟ. ಮನೆಯ ತಿರುವಿಗೆ ಮೊದಲು ತಿಂದು ಮುಗಿಸಿ, ಕವರನ್ನು ಯಾರಿಗೂ ಕಾಣದಂತೆ ಮಡಿಸಿ ಪ್ಯಾಂಟಿನ ಜೇಬಿಗೆ ತುರುಕುತ್ತಿದ್ದೆ.

"ಏನ್ರೀ ಅದು, ಪ್ಲಾಸ್ಟಿಕ್ಕಾ?"

ಮೊಣಕೈ ಪಕ್ಕದಲ್ಲೇ ಗೀತಾ, ಸ್ಕೂಟರಿನ ಮೇಲೆ, ಹಿಂದೆ ಕೂತ ಅತ್ತೆಯವರೊಂದಿಗೆ. ಎಷ್ಟು ಹೊತ್ತಿನಿಂದ ಜೊತೆಯಲ್ಲೇ ಬರುತ್ತಿದ್ದರೋ ದೇವರೇ ಬಲ್ಲ.

"ಬರೋ ಮುಂಚೆ ಸ್ವಲ್ಪ ಸದ್ದಾದ್ರೂ ಮಾಡ್ಬಾರ್ದಾ?" ಎಂದೆ.