ನಮ್ಮತ್ತೆಯ ಸರ್ಕಾರಿ ಡ್ರಿಲ್ಲು

ನಮ್ಮ ಸೋದರತ್ತೆ ಮಂಡಿ ಮೊಹಲ್ಲಾದ ನಲವತ್ತು ಹೆಣ್ಣುಮಕ್ಕಳನ್ನು ಓಡಿಸಿದವರು ಎಂದರೆ ನೀವು ತಪ್ಪು ತಿಳಿಯಬಾರದು. ಯಾರ ಜೊತೆಗೂ ಓಡಿಸಲಿಲ್ಲ, ಬರೀ ಓಡಿಸಿದರು! ಅದೂ ಸರ್ಕಾರದ ಅಪ್ಪಣೆಯ ಮೇರೆಗೆ.

ಅತ್ತೆ ಅಲ್ಲಿನ ಪುಟ್ಟ ಹೆಣ್ಣುಮಕ್ಕಳ ಶಾಲೆಯೊಂದರ ಹೆಡ್‌ಮಿಸ್ಟ್ರೆಸ್. ನಾನು ಅಲ್ಲೇ ಐದನೆಯ ತರಗತಿ. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಹೊಸ ದೇಶಕ್ಕೆ ಗಟ್ಟಿಮುಟ್ಟಾದ ಮಕ್ಕಳು ಬೇಕೆಂದು ಯಾರೋ ದೊಡ್ಡವರಿಗೆ ಹೊಳೆದಿರಬೇಕು, ಒಂದು ಸರ್ಕ್ಯುಲರ್ ಬಂತು: ಪ್ರತಿಯೊಬ್ಬ ವಿದ್ಯಾರ್ಥಿಯೂ ದಿನಕ್ಕೆ ಅರ್ಧ ಗಂಟೆ ವ್ಯಾಯಾಮ ಮಾಡತಕ್ಕದ್ದು. ಬೇರೆಯವರಾಗಿದ್ದರೆ ಅದನ್ನು ಫೈಲಿಗೆ ಸೇರಿಸಿ ಕಾಫಿ ಕುಡಿಯುತ್ತಿದ್ದರು. ಅತ್ತೆ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಮಂಗಳಾರತಿ ಒಂದು ಬಾಕಿ!

ಆದರೆ ವ್ಯಾಯಾಮ ಮಾಡುವುದೆಲ್ಲಿ? ಶಾಲೆಯ ಅಂಗಳದ ತುಂಬ ಬಾವಿ. ಹತ್ತು ಹುಡುಗಿಯರು ಕೈ ಚಾಚಿದರೆ ಹನ್ನೊಂದನೆಯವಳು ನೀರಿನೊಳಗೆ! ಸರಿ, ಅತ್ತೆ ಶಾಲೆಯನ್ನೇ ಬೀದಿಗಿಳಿಸಿ ಓಡಿಸತೊಡಗಿದರು. ವಾರದೊಳಗೆ ಜಟಕಾ ಕುದುರೆಗಳಿಗೂ ಡ್ರಿಲ್ ಬಾಯಿಪಾಠವಾಯಿತು. ಅತ್ತೆ "ಹಾಲ್ಟ್!" ಎಂದರೆ ಅವೂ ಗಕ್ಕನೆ ನಿಂತುಬಿಡುತ್ತಿದ್ದವು. ಆಮೇಲೆ ಜಟಕಾದವನು ಎಷ್ಟು ಚೀರಿದರೂ ಅಲುಗುತ್ತಿರಲಿಲ್ಲ. ಅತ್ತೆ "ಮಾರ್ಚ್" ಎನ್ನಬೇಕು!

ಮೊದಲು ರೇಗಿದವರು ಪಕ್ಕದ ಬೀದಿಯ ಈರುಳ್ಳಿ ಮಂಡಿಯ ಸಾಹುಕಾರರು.

"ಹೆಣ್ಣೈಕ್ಳು ಬೀದೀಲಿ ಕುಪ್ಪಳ್ಸೋದಾ? ನಾಳೆಯಿಂದ ನನ್ನ ಮಗೀನ ಕಳ್ಸಾಕಿಲ್ಲ ಕಣಮ್ಮ!"

"ಆಗಲಿ," ಎಂದರು ಅತ್ತೆ, ಬಹಳ ಮೃದುವಾಗಿ. ಅವರ ಮೃದುತನವೇ ಅಪಾಯ ಎಂದು ಸಾಹುಕಾರರಿಗೇನು ಗೊತ್ತು ಪಾಪ?

ಸಾಹುಕಾರರ ಮನೆ ಮಂಡಿಯ ಹಿಂಭಾಗದಲ್ಲೇ ಇತ್ತು. ಮರುದಿನ ಇಡೀ ಶಾಲೆ ಈರುಳ್ಳಿ ಮಂಡಿಯ ಬಾಗಿಲಿಗೇ ಹೋಗಿ ಸಾಲಾಗಿ ನಿಂತಿತು.

"ಏನ್ರಮ್ಮ ಇದು!"

"ಪ್ರತಿಯೊಬ್ಬ ವಿದ್ಯಾರ್ಥಿ ಅಂತ ಬರೆದಿದಾರೆ ಕಣ್ರೀ. ನಿಮ್ಮ ಮಗಳು ಡ್ರಿಲ್ಲಿಗೆ ಬರ್ದೇ ಇದ್ರೆ ಡ್ರಿಲ್ಲೇ ಅವಳ ಹತ್ರ ಬರ್ಬೇಕು. ನಾನೇನ್ಮಾಡ್ಲಿ, ಹೇಳಿ?"

ಗಾಡಿಗಳು ಒಳಗೆ ಹೋಗಲಾರದೆ ಬೀದಿಯುದ್ದಕ್ಕೂ ನಿಂತವು. ಮೂಟೆ ಹೊತ್ತ ಹಮಾಲಿಗಳು ತಮಗೇ ತಿಳಿಯದೆ ಲೆಫ್ಟ್ ರೈಟ್ ಹಾಕತೊಡಗಿದರು! ನಾಲ್ಕನೆಯ ದಿನ ಸಾಹುಕಾರರೇ ಮಗಳ ಕೈಹಿಡಿದು ತಂದೊಪ್ಪಿಸಿದರು: "ತಗೊಳ್ಳಿ ತಾಯಿ, ಎಷ್ಟು ಬೇಕೋ ಅಷ್ಟು ಕುಣ್ಸಿ. ನನ್ನ ಅಂಗಡಿ ಬಾಗ್ಲು ಬಿಟ್ಬುಡಿ!"

ಈ ಸಂಭ್ರಮದಲ್ಲಿ ನಾನೊಬ್ಬಳು ಮಾತ್ರ ಸೇರಿರಲಿಲ್ಲ. ಚಿಕ್ಕಂದಿನಲ್ಲಿ ಜ್ವರ ಬಂದು ನನ್ನ ಎಡಗಾಲು ಸೊರಗಿಹೋಗಿತ್ತು. ಅಶಕ್ತ ಮಕ್ಕಳಿಗೆ ವಿನಾಯಿತಿ ಎಂದು ಸರ್ಕ್ಯುಲರಿನ ಕೊನೆಯಲ್ಲಿತ್ತು. ಅಪ್ಪ ಡಾಕ್ಟರ ಚೀಟಿಯನ್ನೂ ಕೊಟ್ಟಿದ್ದರು. ನಾನು ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ಒಂದು ದಿನ ಅತ್ತೆ ಬಂದು ಪಕ್ಕದಲ್ಲಿ ಕೂತರು.

"ಯಾಕೇ ಮೂಗೊರೆಸ್ಕೋತಿದೀಯ? ನೆಗಡಿಯಾ?"

"ನಾನೂ ಬರ್ಲಾ ಅತ್ತೆ?"

ಅವರು ಎದ್ದು ಒಳಗೆ ಹೋಗಿ ಗೋಡೆಯ ಸರ್ಕ್ಯುಲರಿನ ಮುಂದೆ ನಿಂತರು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಶಾಲೆಗಳ ಇನ್‌ಸ್ಪೆಕ್ಟರ್ ತಪಾಸಣೆಗೆ ಬಂದರು. ಮೊದಲು ಹೊಟ್ಟೆ ಬಂತು, ಹಿಂದೆಯೇ ಅವರೂ ಬಂದರು! ಸಾಲುಗಳನ್ನು ನೋಡುತ್ತಾ ಬಂದವರು ನನ್ನ ಕಾಲನ್ನು ಕಂಡು ನನ್ನೆದುರು ನಿಂತರು. ಹೌದು, ಆ ಬೆಳಿಗ್ಗೆ ಅತ್ತೆ ನನ್ನನ್ನು ಮುಂದಿನ ಸಾಲಿನ ನಡುವೆ ನಿಲ್ಲಿಸಿದ್ದರು.

"ಈ ಮಗುವಿಗೆ ವಿನಾಯಿತಿ ಇದೆಯಲ್ಲಮ್ಮ? ಸರ್ಕ್ಯುಲರ್ ಪೂರ್ತಿ ಓದಲಿಲ್ಲವೇ?"

"ನನ್ನ ಕನ್ನಡಕ ಸರಿಯಿಲ್ಲ ಸಾರ್," ಎಂದರು ಅತ್ತೆ. "ಪ್ರತಿಯೊಬ್ಬ ಅನ್ನೋವರೆಗೆ ಮಾತ್ರ ಕಾಣ್ಸುತ್ತೆ."

ಆಮೇಲೆ ಅತ್ತೆ "ಒಂದು!" ಎಂದು ಕೂಗಿದರು. ನಲವತ್ತು ಎಡಗಾಲುಗಳು ಮೇಲೆದ್ದವು. ನನ್ನದು ಏಳಲಿಲ್ಲ. ಕಾಲಿಳಿಸಲು ಅತ್ತೆ "ಎರಡು" ಎನ್ನಲೂ ಇಲ್ಲ. ನನ್ನ ಹಿಂದೆ ಬಂದು ಲಂಗದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಒಂಟಿಕಾಲಿನಲ್ಲಿ ಸಾಹುಕಾರರ ಮಗಳು ತೂರಾಡುತ್ತಿದ್ದಳು, ಆದರೂ ಕಾಲಿಳಿಸಲಿಲ್ಲ. ಯಾರೂ ಇಳಿಸಲಿಲ್ಲ. ನನ್ನ ಕಾಲು ಅಷ್ಟಷ್ಟೇ ಮೇಲೆದ್ದು, ನಡುಗಿ, ಮತ್ತೆ ನೆಲ ಮುಟ್ಟಿತು.

ಆಗ ನನ್ನ ಕಿವಿಯ ಪಕ್ಕದಲ್ಲೇ, ಪಿಸುಮಾತಿನಲ್ಲಿ, ಅತ್ತೆ "ಎರಡು" ಎಂದರು.