ಮಾವನ ಮೊಲಗಳಿಗೆ ಎಷ್ಟನೇ ಜ್ವರ?

ನಮ್ಮ ಸೋದರಮಾವನಿಗೆ ಗಡಿಯಾರ ನೋಡಲು ಬರುವುದಿಲ್ಲ ಎಂದರೆ ನೀವು ನಂಬುವುದಿಲ್ಲ. ಎಡಗೈಯಲ್ಲಿ ವಾಚು ಇದೆ, ಓಡುತ್ತದೆ ಕೂಡ. ಆದರೆ ಅವರು ಕಾಲವನ್ನು ಅಳೆಯುವುದು ಜ್ವರದಲ್ಲಿ! ಥರ್ಮಾಮೀಟರಿನ ಜ್ವರವಲ್ಲ, ರೇಷ್ಮೆಹುಳುವಿನ ಜ್ವರ. ಹಣ್ಣಾಗಿ ಗೂಡು ಕಟ್ಟುವ ಮೊದಲು ಹುಳು ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ, ಧ್ಯಾನಕ್ಕೆ ಕೂತಂತೆ ಕೂತು ಚರ್ಮ ಕಳಚುತ್ತದೆ. ನಮ್ಮ ಮಾಗಡಿ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಮಾವನ ಲೆಕ್ಕದಲ್ಲಿ ಇಡೀ ಜಗತ್ತೇ ಯಾವುದೋ ಒಂದು ಜ್ವರದಲ್ಲಿದೆ. ಪಕ್ಕದ ಮನೆಯ ಮಗು ಒಂದನೇ ಜ್ವರ ಎದ್ದಿದೆ. ಬೀದಿಯ ಚರಂಡಿ ಕಾಮಗಾರಿ ಎರಡನೇ ಜ್ವರಕ್ಕೆ ಕೂತದ್ದು ಏಳಲೇ ಇಲ್ಲ. ನಾನು ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್ ತಂದು ತೋರಿಸಿದಾಗ ಅದನ್ನು ತಲೆಕೆಳಗು ಮಾಡಿ ನೋಡಿ, "ಮೂರನೇದು ಎದ್ದವ್ಳೆ. ಹಣ್ಣಾಗಕ್ಕೆ ಇನ್ನೂ ಟೈಮೈತೆ" ಎಂದರು.

ಇಂಥವರ ಕೈಗೆ ನಾನು ಎರಡು ಮೊಲದ ಮರಿಗಳನ್ನು ಕೊಟ್ಟೆ. ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿರುವ ಗೆಳತಿ ಸಾಕಿದ್ದವು, ಅವಳ ಪಿ.ಜಿ.ಯವರು, ಒಂದೋ ನೀನಿರು, ಇಲ್ಲ ಮೊಲ ಇರಲಿ ಎಂದಿದ್ದರು. ಮಾವನ ಹಿತ್ತಲಲ್ಲಿ ಹಿಪ್ಪುನೇರಳೆ ಇದೆ, ಗರಿಕೆ ಇದೆ, ನಿವೃತ್ತರಾದ ಮಾವನೂ ಇದ್ದಾರೆ. ಇನ್ನೇನು ಬೇಕು?

ಬಿಳಿಯದು ಹೆಣ್ಣು, ಬೂದಿಯದು ಗಂಡು. ಎರಡಕ್ಕೂ ಪಕ್ಕೆಗೆ ಪಕ್ಕೆ ತಾಗಿರಲೇಬೇಕು. ಒಂದು ಸರಿದರೆ ಇನ್ನೊಂದು ಕಣ್ಣು ಬಿಡದೆಯೇ ಸರಿಯುತ್ತಿತ್ತು. ಪ್ರೀತಿಗೂ ಪುರಾವೆ ಕೇಳುವವಳು ನಾನು. ಬೆಚ್ಚಗಿರಲು ಹಾಗೆ ಮಾಡುತ್ತವೆ ಎಂದೆ. ಮಾವ ಮೊಲದ ಗೂಡಿನ ಪಕ್ಕ ಚಾಪೆ ಹಾಸಿ ಮಲಗಿದರು. ಮಧ್ಯಾಹ್ನದ ಬಿಸಿಲು ಎಲೆಗಳಿಂದ ಸೋಸಿ ಅವರ ಹೊಟ್ಟೆಯ ಮೇಲೆ ಅಲ್ಲಾಡುತ್ತಿತ್ತು. ಮೊಲಗಳು ಕಟಕಟ ಎಲೆ ಕತ್ತರಿಸುವ ಸದ್ದಿಗೆ ಅವರ ಉಸಿರು ನಿಧಾನವಾಗಿ, ಕೊನೆಗೆ ಯಾರು ಮೇಯುತ್ತಿದ್ದಾರೆ, ಯಾರು ಕನಸು ಕಾಣುತ್ತಿದ್ದಾರೆ ಎಂದು ಹೇಳುವುದು ಕಷ್ಟವಾಗುತ್ತಿತ್ತು. ಅಡುಗೆಮನೆಯಿಂದ ಅತ್ತೆ ನನಗೆ ಹೇಳುವರು: "ನಂಗೂ ಒಸಿ ಕಿವಿ ಉದ್ದ ಇದ್ದಿದ್ರೆ ನಿಮ್ಮಾವ ದಿನಾ ಪಕ್ದಲ್ಲಿ ಚಾಪೆ ಹಾಕೋರು."

ಮರಿಗಳಿಗೆ ನಾಲ್ಕು ತಿಂಗಳಾಗುತ್ತ ಬಂದಾಗ ಬೂದಿಯದು ಬಿಳಿಯದರ ಸುತ್ತ ಗಿರಗಿರ ಸುತ್ತತೊಡಗಿತು. ಮಾವ ಅದನ್ನು ನಾಟ್ಯ ಎಂದರು. ನಾನು ರಾಮನಗರದ ಪಶುವೈದ್ಯೆಗೆ ಫೋನು ಮಾಡಿದೆ. ಗಂಡಿಗೆ ಈಗಲೇ ಸಂತಾನಹರಣ ಆಗಬೇಕು, ಹೆಣ್ಣಿಗೆ ಆರು ತಿಂಗಳು ತುಂಬಿದ ಮೇಲೆ. ಮಾಡಿಸದೆ ಬಿಟ್ಟರೆ ತಿಂಗಳಿಗೊಂದು ಸೂಲು, ಮುಂದೆ ಹೆಣ್ಣಿಗೆ ಗರ್ಭಕೋಶದ ಗಡ್ಡೆಯ ಭಯ ಬೇರೆ ಎಂದರು. ಆಪರೇಷನ್ ಆದ ಮೇಲೂ ಗಂಡಿನಲ್ಲಿ ಕೆಲವು ವಾರ ಬೀಜ ಉಳಿದಿರುತ್ತದಂತೆ. ಅದಕ್ಕೇ ಹೆಣ್ಣಿನ ಗಾಯವೂ ಮಾಯುವ ತನಕ ಎರಡೂ ಬೇರೆ ಬೇರೆ ಗೂಡು.

"ಜೋಡಿ ಬಿಡ್ಸಕ್ಕಿಲ್ಲ," ಎಂದರು ಮಾವ.

ನಾನು ವಾದಕ್ಕೆ ಟೊಂಕ ಕಟ್ಟಿ ನಿಂತೆ. ಮೊದಲನೆಯದಾಗಿ ಹೆಣ್ಣಿನ ಆರೋಗ್ಯ, ಎರಡನೆಯದಾಗಿ ಮರಿಗಳ ಸಂಖ್ಯೆ, ಮೂರನೆಯದಾಗಿ ಮಾವನ ಹಿತ್ತಲಿನ ವಿಸ್ತೀರ್ಣ. ಮೂರನೆಯದಕ್ಕೆ ಬರುವಷ್ಟರಲ್ಲಿ ಮಾವ ಗೊರಕೆ ಹೊಡೆಯುತ್ತಿದ್ದರು. ಎದುರಾಳಿ ನಿದ್ದೆ ಹೋದರೆ ಗೆದ್ದವರು ಯಾರು? ಯಾವ ತೀರ್ಪುಗಾರರೂ ನನಗೆ ಇದನ್ನು ಕಲಿಸಿರಲಿಲ್ಲ.

ಮರುದಿನ ಅವರೇ ಮಾತು ತೆಗೆದರು. ಬಿತ್ತನೆ ಕೋಠಿಯಲ್ಲಿ ಅವರು ಕೆಲಸಕ್ಕಿದ್ದರು, ಅಲ್ಲಿ ರೇಷ್ಮೆಮೊಟ್ಟೆ ಮಾಡುತ್ತಾರೆ ಎಂದಷ್ಟೇ ನನಗೆ ಗೊತ್ತಿತ್ತು.

"ಚಿಟ್ಟೆ ಜೋಡಿ ಕೂತಿರ್ತವೆ ಕಣವ್ವ, ಮೂರ್ ನಾಕ್ ಗಂಟೆ. ಆಮೇಲೆ ಬಿಡಿಸ್ಬೇಕು. ಹೆಣ್ಣು ಮೊಟ್ಟೆ ಇಡಕ್ಕೆ, ಗಂಡು ಕಸಕ್ಕೆ. ಅದೇ ನನ್ ಕೆಲ್ಸ. ಸರ್ವೀಸ್ ಪೂರ್ತಿ ಅದೇ."

ನನ್ನ ಬಳಿ ಉತ್ತರವಿತ್ತು. ಅಲ್ಲಿ ಬಿಡಿಸಿದವು ಮತ್ತೆ ಸೇರಲಿಲ್ಲ, ಇವು ಸೇರುತ್ತವೆ ಎಂದೆ.

"ಸೇರ್ತವಾ? ಗ್ಯಾರಂಟಿ ಕೊಡ್ತೀಯಾ?"

ಅಷ್ಟು ದಿನ ದೂರವಿದ್ದ ಜೋಡಿ ಕೆಲವೊಮ್ಮೆ ಗುರುತು ಮರೆತು ಕಚ್ಚಾಡುತ್ತದೆ ಎಂದು ವೈದ್ಯೆ ಹೇಳಿದ್ದರು. ಆ ಅಂಶವನ್ನು ನಾನು ಜಾಣತನದಿಂದ ಬಿಟ್ಟಿದ್ದೆ.

"ಗೊತ್ತಿಲ್ಲ ಮಾವ," ಎಂದೆ.

ಮಾವ ನನ್ನನ್ನೇ ನೋಡಿದರು. "ಹುಟ್ದಾಗಿಂದ ನಿನ್ ಬಾಯಲ್ಲಿ ಗೊತ್ತಿಲ್ಲ ಅನ್ನೋದ್ ಕೇಳಿರ್ಲಿಲ್ಲ. ನಡಿ, ಹೋಗಾನ."

ಒಂದರ ವಾಸನೆ ಇನ್ನೊಂದು ಮರೆಯದಿರಲಿ ಎಂದು ವೈದ್ಯೆ ಎರಡನ್ನೂ ತರಲು ಹೇಳಿದ್ದರು. ರಾಮನಗರದ ಕ್ಲಿನಿಕ್ಕಿನಲ್ಲಿ, ಗಂಡು ಬೆಳಗ್ಗೆ ಏನು ತಿಂದಿದೆ ಎಂದು ಕೇಳಿದರೆ, ಮಾವ ಎದೆ ಉಬ್ಬಿಸಿ, ಒಂದೆಲೆಯನ್ನೂ ಹಾಕಿಲ್ಲ ಎಂದರು. ಜ್ವರಕ್ಕೆ ಕೂರುವ ಹುಳುವಿಗೆ ಮೇವು ಹಾಕುವ ದಡ್ಡರುಂಟೆ? ವೈದ್ಯೆ ಹಣೆ ಚಚ್ಚಿಕೊಂಡರು. ಮೊಲಕ್ಕೆ ಉಪವಾಸವೇ ಅಪಾಯವಂತೆ, ಅದರ ಕರುಳು ನಿಲ್ಲಬಾರದಂತೆ. ಮಾವ ಚಪ್ಪಲಿಯನ್ನೂ ಮೆಟ್ಟದೆ ಓಡಿದವರು ತೋಳತುಂಬ ಕೊತ್ತಂಬರಿ ಸೊಪ್ಪು ಅಪ್ಪಿಕೊಂಡು ಬಂದರು. ಅಂಗಡಿಯಾಕೆ ಮದುವೆ ಊಟಕ್ಕಾ ಎಂದು ಕೇಳಿದಳಂತೆ. ಇವರು, ಇಲ್ಲ, ಆಪರೇಷನ್ನಿಗೆ ಎಂದರಂತೆ! ಆಪರೇಷನ್ ಮಧ್ಯಾಹ್ನಕ್ಕೆ ಹೋಯಿತು. ಅಲ್ಲಿಯವರೆಗೆ ನಾಯಿ ಬೆಕ್ಕುಗಳ ಆ ಕೋಣೆ ಸಾರಿನ ಒಗ್ಗರಣೆಯಂತೆ ಘಮಘಮಿಸಿತು.

ಆಮೇಲಿನ ದಿನಗಳು ನಿದ್ದೆಯೊಳಗಿನ ನಡಿಗೆಯಂತೆ ಸಾಗಿದವು. ಎರಡು ಗೂಡು ಪಕ್ಕಪಕ್ಕ, ನಡುವೆ ಗೇಣು ಜಾಗ, ಎರಡೂ ಕಡೆ ಜಾಲರಿ. ವೈದ್ಯೆ ಹೇಳಿದಂತೆ ಮಾವ ದಿನಾ ಬೆಳಗ್ಗೆ ಇದರ ಗೋಣಿತಟ್ಟು ಅದಕ್ಕೆ, ಅದರದು ಇದಕ್ಕೆ ಬದಲಿಸುವರು. ಮೊಲಗಳು ಜಾಲರಿಗೆ ಬೆನ್ನು ಒತ್ತಿ ಮಲಗುವವು. ಹೆಣ್ಣಿನ ಆಪರೇಷನ್ನೂ ಆಯಿತು. ಆ ಬೆಳಗ್ಗೆ ಮಾವ ಅದಕ್ಕೆ ಮೂರು ಸಲ ಮೇವು ಹಾಕಿದ್ದರು.

ಗಾಯ ಮಾಯಿತು, ವೈದ್ಯೆ ಒಪ್ಪಿಗೆ ಕೊಟ್ಟರು. ಎರಡಕ್ಕೂ ಹೊಸದಾದ ಜಾಗ ಬೇಕೆಂದು ನಡುಮನೆಯಲ್ಲಿ ಚಾಪೆ ಹಾಸಿ ಬಿಟ್ಟೆವು. ಬಿಳಿಯದು ಒಂದು ಮೂಲೆ ಹಿಡಿಯಿತು, ಬೂದಿಯದು ಇನ್ನೊಂದು. ಅಪರಿಚಿತರಂತೆ ಮುಖ ತಿರುಗಿಸಿ ಕೂತವು. ಬೂದಿಯದು ಹತ್ತಿರ ಹೋಯಿತು. ಬಿಳಿಯದು ಹಿಂಗಾಲು ನೆಲಕ್ಕೆ ಬಡಿದು ಬೆದರಿಸಿತು. ಮಾವನ ಮುಖದ ಬಣ್ಣ ಇಳಿಯಿತು. ನನ್ನ ಬಳಿ ಸಮಾಧಾನದ ಮಾತು ಮೂರಾದರೂ ಇದ್ದವು. ಒಂದನ್ನೂ ಆಡಲಿಲ್ಲ.

ಎಷ್ಟು ಹೊತ್ತಾಯಿತೋ. ಬಿಳಿಯದು ತಾನೇ ಎದ್ದು ಬಂತು, ತಲೆ ತಗ್ಗಿಸಿ ಬೂದಿಯದರ ಗದ್ದದ ಕೆಳಗೆ ತೂರಿಸಿತು, ಕಾಯಿತು. ಬೂದಿಯದು ಅದರ ಹಣೆ ನೆಕ್ಕಿತು. ಒಂದು ಸಲ. ಆಮೇಲೆ ನಿಲ್ಲಿಸದೆ.

ಮಾವ ಅಡುಗೆಮನೆಯ ಕಡೆ ತಿರುಗಿ ಕೈಸನ್ನೆ ಮಾಡಿದರು. ಅತ್ತೆ ಬಂದರು, ಕೈ ಇನ್ನೂ ಒದ್ದೆ.

"ಸೇರ್ಕಂಡ್ವಾ?"

ಮಾವ ತಲೆಯಾಡಿಸಿದರು, ನೆಲದ ಮೇಲೆ ಒಸಿ ಸರಿದು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿದರು. ಅತ್ತೆ ಕೂತರು.